ಪದಚರ್ಚೆ: ಬ್ಲೇಡು 'ಉಗ್ರ'ವಾಗಬಹುದೇ?

ಪ್ರಶ್ನೆ

ಮಾನ್ಯರೇ, ಗಡ್ಡ ಹೆರೆಯುವ ಬ್ಲೇಡುಗಳನ್ನು ಆರಿಸುವ ಬಗೆಯನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕಾಗಿದೆ. ವಿಷಯ ಇಂದಿನ ಕಾರ್ಟ್ರಿಜ್ಜುಗಳದ್ದಲ್ಲ, ಅಂದರೆ ಹಿಡಿಕೆಗೆ ಸಿಕ್ಕಿಸುವ ಬ್ಲೇಡಿನ ತಲೆಗಳದ್ದಲ್ಲ. ಲೋಹದ ರೇಜರಿನ ತಲೆಯನ್ನು ಬಿಚ್ಚಿ ಒಳಗೆ ಕೂರಿಸುವ, ಎರಡೂ ಕಡೆ ಕತ್ತರಿಸುವ ತೆಳು ಬ್ಲೇಡಿನದ್ದು. 'ಡಬಲ್ ಎಡ್ಜ್' ಎಂಬುದಕ್ಕೆ 'ಇಬ್ಬದಿ', 'ಇಬ್ಬಾಯಿ', 'ದ್ವಿಧಾರೆ' ಈ ಮೂರರಲ್ಲಿ ಯಾವುದು ಸರಿ? 'ಶಾರ್ಪ್, ಸ್ಮೂತ್, ಅಗ್ರೆಸಿವ್, ಮೈಲ್ಡ್' ಎಂಬ ನಾಲ್ಕಕ್ಕೆ ಸದ್ಯ 'ಹರಿತ, ನಯ, ಉಗ್ರ, ಸೌಮ್ಯ' ಎಂದು ಹಾಕಿದ್ದೇನೆ. ಆದರೆ "ಹೊಸಬರು ಉಗ್ರ ಬ್ಲೇಡನ್ನು ಬಳಸಬಾರದು" ಎಂಬ ವಾಕ್ಯವನ್ನು ಓದಿದಾಗ ನನಗೇ ನಗು ಬರುತ್ತಿದೆ. ದಯವಿಟ್ಟು ಇಂದೇ ತಿಳಿಸಿ.

ಉತ್ತರ 1

'ಅಲಗು' ಎಂಬ ಅಚ್ಚ ಕನ್ನಡದ ಪದ ಇರುವಾಗ 'ಬ್ಲೇಡು' ಎಂದು ಬರೆಯುವ ಅಗತ್ಯವೇನು? 'ಇಬ್ಬಾಯಲಗು' ಎನ್ನಿ, ಸಂಧಿಯೂ ಸೊಗಸಾಗಿದೆ. 'ಹರಿತ' ಸಂಸ್ಕೃತದ್ದು, ಬಿಟ್ಟುಬಿಡಿ. ಹಳಗನ್ನಡದ 'ಕೂರ್ಪು' ಇದೆ. 'ಉಗ್ರ', 'ಸೌಮ್ಯ' ಎರಡೂ ಎರವಲು. ನಾವೇ ಬಳಸದಿದ್ದರೆ ನಮ್ಮ ಪದಗಳು ನಿಘಂಟಿನಲ್ಲೇ ಕೊಳೆಯುತ್ತವೆ.

ಉತ್ತರ 2

ಮೊದಲು ಒಂದು ತಿದ್ದುಪಡಿ. ಹಸಿರು ಎಂಬ ಅರ್ಥದ ಸಂಸ್ಕೃತದ 'ಹರಿತ' ಬೇರೆ, ಕತ್ತಿಯ ಹರಿತ ಬೇರೆ. ಇರಿ–ಇರಿತ, ಕೊರೆ–ಕೊರೆತ, ಸೆಳೆ–ಸೆಳೆತ ಆದಂತೆ ಹರಿ–ಹರಿತ. ಶುದ್ಧಿಗೆಂದು ಹೊರಟವರು ಮನೆಯ ಮಗನನ್ನೇ ಹೊರಗೆ ನೂಕುತ್ತಿದ್ದಾರೆ.

'ಇಬ್ಬದಿ' ಬೇಡ. ಬದಿ ಎಂದರೆ ಬ್ಲೇಡಿನ ಅಗಲವಾದ ಮೈಯೂ ಆದೀತು. ಹಾಗೆ ನೋಡಿದರೆ ಒಂದೇ ಅಂಚು ಕತ್ತರಿಸುವ ಬ್ಲೇಡಿಗೂ ಎರಡು ಬದಿಗಳಿವೆ. ಆಯುಧದ ಕತ್ತರಿಸುವ ಅಂಚಿಗೆ 'ಬಾಯಿ' ಎನ್ನುವುದು ಹಳೆಯ ರೂಢಿ; ಕನ್ನಡ ಬೈಬಲಿನಲ್ಲಿಯೂ 'ಇಬ್ಬಾಯಿ ಕತ್ತಿ' ಎಂದೇ ಇದೆ. 'ದ್ವಿಧಾರೆ' ತಪ್ಪಲ್ಲವಾದರೂ ಕೇಳಿದವರಿಗೆ ನೀರಿನ ಧಾರೆ ಮೊದಲು ನೆನಪಾಗುತ್ತದೆ. ಆದ್ದರಿಂದ 'ಇಬ್ಬಾಯಿ ಬ್ಲೇಡು' ಎಂದಿಡಿ.

ಪ್ರಶ್ನೆಯ ನಿಜವಾದ ಕಷ್ಟ ಗುಣವಾಚಕಗಳಲ್ಲಿದೆ, ಮತ್ತು ಅದು ಬರಿಯ ಪದದ ಕಷ್ಟವಲ್ಲ. ನಿಮ್ಮ ಮೂಲದ ಲೇಖಕರು ಬ್ಲೇಡಿನ ಗುಣವನ್ನೂ ರೇಜರಿನ ಗುಣವನ್ನೂ ಕಲಸಿಬಿಟ್ಟಿರುವಂತೆ ಕಾಣುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಬಗೆಯ ರೇಜರಿನಿಂದ ಬೆಳೆದುಬಂದ ಈ ಬ್ಲೇಡುಗಳು ಇಂದು ಯಾರೇ ತಯಾರಿಸಿದರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ; ದಪ್ಪ ಸುಮಾರು 0.1 ಮಿಲಿಮೀಟರ್. ಒಬ್ಬರ ಬ್ಲೇಡು ಇನ್ನೊಬ್ಬರ ರೇಜರಿನಲ್ಲಿ ಕೂರುವುದು ಆ ಕಾರಣಕ್ಕೆ. ಆದರೆ ರೇಜರಿನ ತಲೆಗಳು ಒಂದೇ ತೆರನಲ್ಲ. ಬ್ಲೇಡಿನ ಬಾಯಿಗೂ ಅದರ ಕೆಳಗಿನ ತಡೆಪಟ್ಟಿಗೂ ನಡುವೆ ಎಷ್ಟು ಸಂದು ಇದೆ, ಬಾಯಿ ಎಷ್ಟು ಹೊರಚಾಚಿದೆ, ತಲೆ ಬ್ಲೇಡನ್ನು ಎಷ್ಟು ಬಾಗಿಸಿ ಬಿಗಿಹಿಡಿಯುತ್ತದೆ ಎಂಬವುಗಳಿಂದ ಅದೇ ಬ್ಲೇಡು ಒಂದು ರೇಜರಿನಲ್ಲಿ ಸುಮ್ಮನಿದ್ದು ಇನ್ನೊಂದರಲ್ಲಿ ರಕ್ತ ತರಿಸುತ್ತದೆ. 'ಅಗ್ರೆಸಿವ್', 'ಮೈಲ್ಡ್' ಎಂಬುವು ಮೊದಲಿಗೆ ಈ ತಲೆಯ ಗುಣಗಳು. ಅವನ್ನು ಬ್ಲೇಡಿಗೆ ಅಂಟಿಸಿದರೆ ಓದುಗ ರೇಜರನ್ನು ಬದಲಿಸಬೇಕಾದಲ್ಲಿ ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುತ್ತಾ ಹೋಗುತ್ತಾನೆ. ರೇಜರಿಗೆ 'ಬಿರುಸು', 'ಸಾಧು' ಎನ್ನಿ. 'ಉಗ್ರ' ಎಂದೊಡನೆ ನರಸಿಂಹ ಕಣ್ಣ ಮುಂದೆ ಬರುತ್ತಾನೆ. ಗಡ್ಡಕ್ಕೆ ಅಷ್ಟು ಬೇಕಾಗಿಲ್ಲ.

ಬ್ಲೇಡಿಗೆ ಉಳಿಯುವುದು ಎರಡು ಗುಣ, ಅವು ಒಂದಕ್ಕೊಂದು ವಿರುದ್ಧವಲ್ಲ. ಹರಿತ ಎಂಬುದು ಕೂದಲನ್ನು ಕತ್ತರಿಸಲು ಎಷ್ಟು ಕಡಿಮೆ ಬಲ ಸಾಕು ಎಂಬುದನ್ನು ಹೇಳುತ್ತದೆ, ಅದರ ಎದುರು ಪದ 'ಮೊಂಡು'. 'ಸ್ಮೂತ್' ಎಂಬುದು ಬಾಯಿ ಚರ್ಮದ ಮೇಲೆ ಜಾರುವ ಬಗೆ, ಅದರ ಎದುರು ಪದ 'ಒರಟು'. ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕಿನ ಬಾಯಿಗೆ ಕ್ರೋಮಿಯಂ, ಪ್ಲಾಟಿನಮ್ ಮುಂತಾದವುಗಳ ಲೇಪ ಕೊಟ್ಟು, ಅದರ ಮೇಲೆ ಹಂಚಿಗೆ ಹಚ್ಚುವ ಟೆಫ್ಲಾನ್ ಜಾತಿಯದೇ ಪದರವೊಂದನ್ನು ಅತಿ ತೆಳುವಾಗಿ ಹಚ್ಚುತ್ತಾರೆ. ಜಾರುವಿಕೆ ಬಹುಪಾಲು ಈ ಮೇಲಿನ ಪದರದ್ದು. ಪೊಟ್ಟಣದ ಮೇಲೆ 'ಪ್ಲಾಟಿನಮ್' ಎಂದಿದ್ದ ಮಾತ್ರಕ್ಕೆ ಬ್ಲೇಡು ಹೆಚ್ಚು ಹರಿತವೆಂದು ಅನುವಾದದಲ್ಲಿ ಧ್ವನಿಸದಿರಲಿ. 'ನಯವಾದ ಬ್ಲೇಡು' ಎಂದರೆ ಕೈಗೆ ನುಣ್ಣಗಿರುವ ಬ್ಲೇಡು ಎಂದಾಗುವುದರಿಂದ, ಗುಣವಾಚಕ ಬಿಟ್ಟು ಕ್ರಿಯೆಯ ಮೇಲೆ ಹೇರಿ 'ನವಿರಾಗಿ ಹೆರೆಯುವ ಬ್ಲೇಡು' ಎನ್ನಿ.

"ಹೊಸಬರು ಹರಿತವಾದುದನ್ನು ಬಳಸಬಾರದು" ಎಂಬ ಮಾತು ಮೂಲದಲ್ಲಿದ್ದರೆ ಹಾಗೆಯೇ ಇಳಿಸಬೇಡಿ. ಮೊಂಡು ಬ್ಲೇಡು ಕೂದಲನ್ನು ಜಗ್ಗುತ್ತದೆ, ಜಗ್ಗಿದಾಗ ಕೈ ತಾನಾಗಿ ಒತ್ತುತ್ತದೆ, ಒತ್ತಿದಾಗ ಚರ್ಮ ಉರಿಯುತ್ತದೆ. ಬ್ಲೇಡಿನ ಬ್ರ್ಯಾಂಡುಗಳಲ್ಲಿ ಫೆದರ್ ಬಹಳ ಹರಿತವೆಂದೂ ಡರ್ಬಿ ಅಷ್ಟು ಹರಿತವಲ್ಲವೆಂದೂ ಬಳಸುವವರ ನಡುವೆ ಹೆಸರಾಗಿವೆ. ಆದರೂ ಒತ್ತಾದ ಬಿರುಗಡ್ಡದವರಿಗೆ ಮೊದಲನೆಯದೇ ಹಿತವೆನಿಸಬಹುದು, ಎಳೆಗಡ್ಡದವರಿಗೆ ಎರಡನೆಯದು ಸಾಕಾಗಬಹುದು. ರೇಜರು, ಸಾಬೂನು, ಹಿಡಿಯುವ ಕೋನ ಯಾವುದನ್ನೂ ಬದಲಿಸದೆ ಬ್ಲೇಡನ್ನು ಮಾತ್ರ ಬದಲಿಸಿ ನೋಡಬೇಕೆಂಬ ಸಲಹೆ ಮೂಲದಲ್ಲಿ ಇಲ್ಲದಿದ್ದರೆ ಅಡಿಟಿಪ್ಪಣಿಯಲ್ಲಾದರೂ ಸೇರಿಸಿ. ಕೂದಲು ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ನೆನೆಯದಿದ್ದರೆ ಯಾವ ಬ್ಲೇಡಿನ ಗುಣವೂ ತಿಳಿಯದು.

ಇನ್ನೊಂದು ಪದ ನಿಮಗೆ ಬೇಕಾಗಬಹುದು. ಬ್ಲೇಡು ಸವೆದು ಮೊಂಡಾಗುತ್ತದೆ ಎಂದೇ ನಾವು ಹೇಳುತ್ತೇವೆ. ಆದರೆ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಕ್ಕಿಗಿಂತ ಎಷ್ಟೋ ಮೆತ್ತಗಿರುವ ಕೂದಲು ಬಾಗಿ ತಗುಲಿದಾಗ, ಉಕ್ಕಿನ ರಚನೆ ಏಕರೂಪವಲ್ಲದ ಕಡೆಗಳಲ್ಲಿ ಬಾಯಿಯ ಸಣ್ಣ ಚೂರು ಹಾರಿಹೋಗುವುದನ್ನು ತೋರಿಸಿದರು. ಇದಕ್ಕೆ 'ಮುಕ್ಕಾಗು' ಎಂಬ ಕ್ರಿಯಾಪದ ಸಿದ್ಧವಾಗಿಯೇ ಇದೆ.

ಉತ್ತರ 3 (ಮೊದಲನೆಯವರಿಂದ)

ಹರಿತದ ವಿಷಯ ಇರಲಿ. 'ನವಿರು' ಎಂದರೆ ಕೂದಲು; ನವಿರೇಳುವುದೆಂದರೆ ರೋಮಾಂಚನ. 'ನವಿರಾಗಿ ಹೆರೆಯುವುದು' ಎಂದರೆ ಕೂದಲಾಗಿ ಹೆರೆಯುವುದೇ? ಇನ್ನು 'ಇಬ್ಬಾಯಿ ಬ್ಲೇಡು' ಶುದ್ಧ ಅರಿಸಮಾಸ, ಎರಡು ಭಾಷೆಗಳ ಪದಗಳನ್ನು ಬೆರೆಸಿದ ಸಮಾಸ. ಅನುವಾದಕರು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನನ್ನು ಒಮ್ಮೆ ತೆರೆದು ನೋಡಲಿ.

ಉತ್ತರ 4

ಕೇಶಿರಾಜ ತಡೆದದ್ದು ಸಂಸ್ಕೃತ–ಕನ್ನಡಗಳ ಬೆರಕೆಯನ್ನು. ಅಲ್ಲಿಯೂ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ದಾರಿ ಬಿಟ್ಟಿದ್ದಾನೆ. ಇಂಗ್ಲಿಷಿನ ಪದಕ್ಕೆ ಅವನನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ. ಈ ಕಸುಬಿನ ಪದಗಳನ್ನೇ ನೋಡಿ: ಕ್ಷೌರ ಸಂಸ್ಕೃತದ್ದು, ಹಜಾಮ ಅರಬ್ಬಿಯದು, ಸಾಬೂನೂ ಹೊರಗಿನಿಂದ ಬಂದದ್ದು. ಇವೆಲ್ಲವನ್ನೂ ಸಹಿಸಿಕೊಂಡು 'ಬ್ಲೇಡು' ಎಂಬಲ್ಲಿ ಮಾತ್ರ ಕಣ್ಣು ಕೆಂಪಾಗಿಸುವುದು ಹೊಸ ಎರವಲಿನ ಮೇಲಿನ ಸಿಟ್ಟೇ ಹೊರತು ಎರವಲಿನ ಮೇಲಿನದ್ದಲ್ಲ. 'ಅಲಗು' ಒಳ್ಳೆಯ ಪದ, ಕತ್ತಿಗೆ, ಈಟಿಗೆ ಚೆನ್ನಾಗಿ ಒಪ್ಪುತ್ತದೆ. ಅಂಗಡಿಯಲ್ಲಿ ನಿಂತು ಅಲಗು ಕೇಳಿದವನಿಗೆ ಚಾಕು ಸಿಗುತ್ತದೆ, ಬ್ಲೇಡು ಸಿಗುವುದಿಲ್ಲ. ನವಿರಿನ ಆಕ್ಷೇಪಕ್ಕೆ ಉತ್ತರ ಕೊಡುವುದಿಲ್ಲ. ಇಂದಿನ ಓದುಗರು ಅದನ್ನು ಯಾವ ಅರ್ಥದಲ್ಲಿ ಓದುತ್ತಾರೆಂದು ಆಕ್ಷೇಪಿಸಿದವರಿಗೂ ಗೊತ್ತು.

ಉತ್ತರ 5 (ಎರಡನೆಯವರಿಂದ)

ಪ್ರಶ್ನೆ ಕೇಳಿದವರಿಗೆ ಅಚ್ಚಿನ ಗಡುವಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಸಮಾಸದ ಜಗಳವೇ ಬೇಡವೆಂದರೆ ಷಷ್ಠಿ ಹಾಕಿ 'ಇಬ್ಬಾಯಿಯ ಬ್ಲೇಡು' ಎನ್ನಿ. ನಿಮಗೆ ನಗು ತರಿಸಿದ ವಾಕ್ಯವನ್ನು ಹೀಗೆ ತಿದ್ದಬಹುದು: "ಹೊಸಬರು ಸಾಧು ರೇಜರಿನಿಂದ ಆರಂಭಿಸಲಿ, ಬ್ಲೇಡು ಹರಿತವಾಗಿರಲಿ, ಕೈ ಒತ್ತದಿರಲಿ." ಮೂಲದ ಲೇಖಕರು ಬ್ಲೇಡನ್ನೇ 'ಅಗ್ರೆಸಿವ್' ಎಂದು ಕರೆದಿರುವ ಕಡೆಗಳಲ್ಲಿ ಅವರ ಅಭಿಪ್ರಾಯ 'ಹರಿತ'ವೋ 'ಒರಟು'ವೋ ಎಂಬುದನ್ನು ಆಯಾ ವಾಕ್ಯ ನೋಡಿಯೇ ತೀರ್ಮಾನಿಸಬೇಕು, ಅಂತಹ ವಾಕ್ಯಗಳನ್ನು ಇಲ್ಲಿಗೆ ಕಳುಹಿಸಿದರೆ ರಾತ್ರಿಯೊಳಗೆ ನೋಡಿ ಹೇಳುತ್ತೇನೆ.