ಎಷ್ಟು ಜನ ಇದ್ರು?

ಕರಾಟೆ ಪಂದ್ಯದಲ್ಲಿ ಪದಕ ಗೆದ್ದ ಮಗುವಿನ ಅಪ್ಪನನ್ನು ಏನು ಬೇಕಾದರೂ ಕೇಳಬಹುದು, ‘ಎಷ್ಟು ಜನ ಇದ್ರು?’ ಅಂತ ಮಾತ್ರ ಕೇಳಬಾರದು. ಶಾಮಣ್ಣ ಅದನ್ನೇ ಕೇಳಿದರು.

ಮಗನ ಕೊರಳಲ್ಲಿ ಪದಕ, ಪಕ್ಕದಲ್ಲಿ ಮಗನಷ್ಟೇ ಎತ್ತರದ ಟ್ರೋಫಿ ಇದ್ದ ಫೋಟೊವನ್ನು ಒಬ್ಬೊಬ್ಬರ ಮೂಗಿಗೂ ಹಿಡಿಯುತ್ತ ಬರುತ್ತಿದ್ದ ನಾಣಿ ಅಲ್ಲೇ ನಿಂತ.

“ಎಷ್ಟು ಜನ ಅಂದ್ರೆ? ಹಾಲ್ ತುಂಬ ಜನ. ಕೂರೋಕೆ ಜಾಗ ಇರಲಿಲ್ಲ.”

“ಕೂತವರ ಲೆಕ್ಕ ಅಲ್ಲ ಕಣಯ್ಯ. ಅವನ ವಿಭಾಗದಲ್ಲಿ ಎಷ್ಟು ಜನ?”

“ಕಂಚು ಬಂದಿದೆ ಶಾಮಣ್ಣ. ಮೂರನೇ ಸ್ಥಾನ.”

“ಎಷ್ಟು ಜನರಲ್ಲಿ ಮೂರನೇ ಸ್ಥಾನ?”

“ನಾಲ್ಕು,” ಅಂದ ನಾಣಿ, ಒಂದು ಕೆಮ್ಮಿನ ಮರೆಯಲ್ಲಿ.

“ಮತ್ತೆ ನಾಲ್ಕನೆಯವನು?”

“ಅವನೂ ಮೂರನೆಯವನೇ. ಕಂಚು ಎರಡು ಕೊಡ್ತಾರೆ.”

ಸೀನ ನಗು ತಡೆಯಲಾರದೆ ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದ. ನಾಣಿಗೆ ರೇಗಿತು. “ಸೆಮಿಫೈನಲ್ ಆಡಿದಾನೆ ಕಣೋ ನನ್ನ ಮಗ!”

“ನಾಲ್ಕು ಜನರಲ್ಲಿ ಸೆಮಿಫೈನಲ್ ತಲುಪೋಕೆ ಮನೆಯಿಂದ ಹೊರಟರೆ ಸಾಕು,” ಅಂದರು ಶಾಮಣ್ಣ. “ಬೌಟ್ ಎಷ್ಟು ಗೆದ್ದ?”

“ಗೆಲ್ಲೋದೊಂದೇ ಮುಖ್ಯ ಅಲ್ಲ.”

“ಅದು ಗೊತ್ತಾಗಿಯೇ ಪದಕ ಕೊಟ್ಟಿರೋದು.”

ಪದ್ಮಕ್ಕ ನಾಣಿಯ ಪರ ವಹಿಸಿದರು. “ಹೋಗಲಿ ಬಿಡಿ ಶಾಮಣ್ಣ. ಕಂಚು ಎರಡು ಕೊಡೋದು ಇವರು ಮನೆಯಲ್ಲಿ ಮಾಡಿದ ಕಾನೂನೇನಲ್ಲ. ಒಲಿಂಪಿಕ್ಸ್‌ನಲ್ಲೂ ಕೊಟ್ಟಿದ್ದಾರೆ.”

“ಕೊಟ್ಟಿದ್ದಾರೆ. ಟೋಕಿಯೊದಲ್ಲಿ ಕರಾಟೆ ಇತ್ತು, 2021ರಲ್ಲಿ ನಡೀತಲ್ಲ, ಅದು. ಆದರೆ ಅಲ್ಲಿ ಏನು ಮಾಡಿದ್ರು ಗೊತ್ತಾ? ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗಂಡಸರಿಗಿದ್ದ ಐದು ತೂಕದ ವಿಭಾಗಗಳನ್ನು ಒತ್ತಿ ಮೂರು ಮಾಡಿದ್ರು. 67 ಕೆಜಿ ಒಳಗೆ, 75 ಒಳಗೆ, 75ರ ಮೇಲೆ, ಅಷ್ಟೆ. ಇಡೀ ಭೂಮಿಗೆ ಮೂರು ಸಾಕಾಯ್ತು. ನಿನ್ನ ಮಗನ ಪಂದ್ಯದಲ್ಲಿ ಎಷ್ಟಿತ್ತೋ?”

“ಹಸಿರು ಬೆಲ್ಟಿಗೆ ಒಂಬತ್ತಿತ್ತು,” ಅಂದ ನಾಣಿ.

ಶಾಮಣ್ಣನಿಗೆ ಅಷ್ಟೇ ಬೇಕಾಗಿತ್ತು. ಸೀನನ ಕೈಲಿದ್ದ ಪೆನ್ನು ಕಿತ್ತುಕೊಂಡು ಹಳೆಯ ಪೇಪರಿನ ಅಂಚಿನಲ್ಲಿ ಲೆಕ್ಕಕ್ಕೆ ಇಳಿದರು. “ನೋಡಿ. 64 ಮಕ್ಕಳು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಎಲ್ಲರನ್ನೂ ಒಂದೇ ಡ್ರಾದಲ್ಲಿ ಹಾಕಿದ್ರೆ ಸೋತವರು ಹೊರಗೆ, ಒಟ್ಟು 63 ಬೌಟ್. ಚಿನ್ನ ಬೇಕಂದ್ರೆ ಆರು ಬೌಟ್ ಗೆಲ್ಲಬೇಕು. ಪದಕ ನಾಲ್ಕೇ, 60 ಮಕ್ಕಳು ಬರಿಗೈ. ಈಗ ಅದೇ 64 ಮಕ್ಕಳನ್ನ ವಯಸ್ಸು, ತೂಕ, ಬೆಲ್ಟಿನ ಬಣ್ಣ ಅಂತ ಹೆಚ್ಚಿ ನಾಲ್ಕು ನಾಲ್ಕರ 16 ಗುಂಪು ಮಾಡಿ. ಗುಂಪಿಗೆ ಮೂರು ಬೌಟ್, ಒಟ್ಟು 48. ಪದಕ ಎಷ್ಟು?”

“64,” ಅಂದ ಸೀನ.

“ಬೌಟ್ 15 ಕಡಿಮೆ, ಪದಕ 60 ಹೆಚ್ಚು. ಆಯೋಜಕರು ಸಂಜೆ ಬೇಗ ಬಾಗಿಲು ಹಾಕಬಹುದು, ಎಲ್ಲರ ಮನೆಗೂ ಪದಕ. ಅದರಲ್ಲಿ 32 ಪದಕ ಒಂದೂ ಬೌಟ್ ಗೆಲ್ಲದವರ ಕೊರಳಿಗೆ. ಅರ್ಧಕ್ಕರ್ಧ! ಗುಂಪಿನಲ್ಲಿ ಮೂರೇ ಜನ ಅಂದ್ರೆ ಇನ್ನೂ ಚೆಂದ. ಒಬ್ಬನಿಗೆ ಬೈ ಸಿಗುತ್ತೆ, ಕೈ ಎತ್ತದೆ ನೇರ ಫೈನಲ್. ಅಲ್ಲಿ ಸೋತ್ರೂ ಬೆಳ್ಳಿ. ನಿನ್ನ ಮಗನಿಗಿಂತ ಮೇಲಿನ ಪದಕ ನಾಣಿ, ಗೆಲುವು ಮಾತ್ರ ಅವನಿಗೂ ಅಷ್ಟೇ.”

“ಇಬ್ಬರೇ ಇದ್ರೆ?”

“ಆಗ ಮೊದಲ ಸುತ್ತೇ ಫೈನಲ್. ಒಬ್ಬನೇ ಇದ್ರೆ ತೂಕ ನೋಡಿಸಿಕೊಂಡು ಬಂದು ಚಿನ್ನ ತಗೊಂಡು ಹೋಗಬಹುದು.”

ನಾಣಿ ಮೊಬೈಲು ಜೇಬಿಗಿಟ್ಟ. ಒಂದು ನಿಮಿಷ ಬಿಟ್ಟು ಮತ್ತೆ ತೆಗೆದ. “ಟ್ರೋಫಿ ಮಾತ್ರ ದೊಡ್ಡದಿದೆ, ನೋಡಿ.”

“ನೋಡಿದೆ. ಕುಮಿತೆ ಕಾದಾಟಕ್ಕೆ ಅದನ್ನೇ ಇಳಿಸಿದ್ದರೆ ಒಂದು ಬೌಟ್ ಗೆಲ್ಲುತ್ತಿತ್ತೇನೋ.”

ಇಷ್ಟು ಹೊತ್ತು ಕಾದಿದ್ದ ಸೀನ ತನ್ನ ಗುಟ್ಟು ಬಿಚ್ಚಿದ. ಆರು ತಿಂಗಳಿಂದ ಅವನೂ ಕರಾಟೆ ಕ್ಲಾಸಿಗೆ ಹೋಗುತ್ತಿದ್ದಾನಂತೆ. ಮುಂದಿನ ಪಂದ್ಯಕ್ಕೆ ಹೆಸರು ಕೊಡುವ ಯೋಚನೆಯಿದೆ, ನಲವತ್ತರ ಮೇಲಿನವರ ವಿಭಾಗವೂ ಇದೆಯಂತೆ.

“ಇರದೆ ಏನು? ತೊಂಬತ್ತರ ಮೇಲಿನದ್ದೂ ಇರುತ್ತೆ,” ಅಂದರು ಶಾಮಣ್ಣ. ಆದರೆ ಪಂದ್ಯದ ವಿಷಯ ಬಂದರೆ ಅವರಿಗೆ ವ್ಯಂಗ್ಯಕ್ಕಿಂತ ಉಪದೇಶದ ಚಪಲ ಜಾಸ್ತಿ. “ಮೊದಲು ಸುತ್ತೋಲೆ ಪೂರ್ತಿ ಓದು. ಯಾರ ನಿಯಮ ಅಂತ ಬರೆದಿರುತ್ತಾರೆ. ವಿಶ್ವ ಕರಾಟೆ ಫೆಡರೇಷನ್ನಿನದಾದರೆ ಗುದ್ದಿಗೆ ಒಂದು ಅಂಕ, ಹೊಟ್ಟೆ ಎದೆ ಬೆನ್ನಿಗೆ ಒದೆತಕ್ಕೆ ಎರಡು, ತಲೆಗೆ ಒದ್ದರೆ ಮೂರು. ಎಂಟು ಅಂಕದ ಅಂತರ ಬಿದ್ದರೆ ಅಲ್ಲಿಗೆ ಆಟ ಮುಗೀತು. ಪೂರ್ತಿ ಹೊಡೆತದ ಪಂದ್ಯ ಬೇರೆಯೇ ಇದೆ, ಅಲ್ಲಿ ಎದೆಗೆ ಗುದ್ದಿದ್ದು ಗುದ್ದಿದ್ದೇ. ಯಾವುದಕ್ಕೆ ಹೋಗ್ತಿದೀನಿ ಅಂತ ತಿಳಿಯದೆ ಹೋದವರನ್ನ ನೋಡಿದೀನಿ. ಬರುವಾಗ ತಿಳಿದುಕೊಂಡೇ ಬರ್ತಾರೆ.”

“ಡ್ರೆಸ್ ಹೊಸದು ತಗೊಂಡೆ, ಒಂದು ಸೈಜ್ ದೊಡ್ಡದು,” ಅಂದ ಸೀನ.

“ನಲವತ್ತರ ಮೇಲೆ ಇನ್ನೂ ಬೆಳೀತೀಯೇನೋ?” ಅಂದರು ಪದ್ಮಕ್ಕ.

“ನಗೋ ವಿಷಯ ಅಲ್ಲ. ತೋಳು ಮಣಿಕಟ್ಟು ದಾಟಬಾರದು, ಮೊಣಕೈ-ಮಣಿಕಟ್ಟಿನ ನಡುಭಾಗಕ್ಕಿಂತ ಮೇಲೂ ಇರಬಾರದು. ಪ್ಯಾಂಟು ಕಣಕಾಲಿನ ಮೂರರಲ್ಲೆರಡು ಪಾಲು ಮುಚ್ಚಬೇಕು, ಹರಡಿನ ಮೂಳೆಯ ಕೆಳಗೆ ಇಳೀಬಾರದು. ಎರಡನ್ನೂ ಮಡಚೋ ಹಾಗಿಲ್ಲ. ಮ್ಯಾಟಿನ ಅಂಚಿನಲ್ಲಿ ನಿಲ್ಲಿಸಿ ಬದಲಾಯಿಸಿಕೊಂಡು ಬಾ ಅಂದ್ರೆ ಇರೋದು ಒಂದೇ ನಿಮಿಷ. ಹತ್ತಿಬಟ್ಟೆ, ಒಗೆದರೆ ಕುಗ್ಗುತ್ತೆ. ಎರಡು ಸಲ ಒಗೆದು ಒಣಗಿಸಿ, ಆಮೇಲೆ ಒಳಗಡೆಯಿಂದ ಮಡಚಿ ಹೊಲಿಸು. ಮೊದಲು ಹೊಲಿಸಿ ಆಮೇಲೆ ಒಗೆದ್ಯೋ, ಪಂದ್ಯದ ದಿನಕ್ಕೆ ಅದು ಮೊಣಕೈಗೆ ಬಂದಿರುತ್ತೆ. ಬೆಲ್ಟಿನ ಗಂಟಿನಿಂದ ಎರಡೂ ಕಡೆ 15 ಸೆಂಟಿಮೀಟರಾದರೂ ತುದಿ ಉಳೀಬೇಕು, ತೊಡೆಯ ಮುಕ್ಕಾಲು ದಾಟಿ ಕೆಳಗೆ ಜೋತಾಡಬಾರದು.”

“ಬೆಲ್ಟ್ ಬಿಚ್ಚಿಹೋದ್ರೆ?”

“ಕುಮಿತೆಯಲ್ಲಾದರೆ ನಿಲ್ಲಿಸಿ ಕಟ್ಟಿಸ್ತಾರೆ. ಒಬ್ಬನೇ ವರಸೆ ತೋರಿಸೋ ಕತಾ ಮಾಡುವಾಗ ಪೂರ್ತಿ ಕಳಚಿ ಬಿದ್ದರೆ ಅನರ್ಹ. ಹೊಸ ಬೆಲ್ಟು ಬಿರುಸಾಗಿರುತ್ತೆ, ಗಂಟು ಕೂರಲ್ಲ. ಒಂದು ವಾರ ಕ್ಲಾಸಿಗೆ ಕಟ್ಟಿಕೊಂಡು ಹೋಗಿ ಪಳಗಿಸಬೇಕು. ಮೌತ್ ಗಾರ್ಡೂ ಅಷ್ಟೆ. ಬಿಸಿನೀರಿಗೆ ಹಾಕಿ ಮೆತ್ತಗಾದ ಮೇಲೆ ಬಾಯಿಗಿಟ್ಟು ಕಚ್ಚಬೇಕು, ಗಾಳಿ ಒಳಗೆಳೆದುಕೊಂಡು ನಾಲಿಗೆಯಿಂದ ಒಳಬದಿ ಒತ್ತಬೇಕು, ಹೊರಗಿನಿಂದ ತುಟಿ ಮೇಲೆ ಬೆರಳಿಡಬೇಕು. ಬಾಯಿ ಬಿಟ್ಟಾಗ ಹಲ್ಲಿಗೇ ಅಂಟಿಕೊಂಡು ನಿಂತ್ರೆ ಸರಿ, ಬಿದ್ರೆ ಮತ್ತೆ ಬಿಸಿನೀರು. ಪ್ಯಾಕೆಟ್ಟಿಂದ ತೆಗೆದು ಹಾಗೇ ಹಾಕಿಕೊಂಡು ಹೋಗುವವರು ಬೌಟ್ ಪೂರ್ತಿ ಅದನ್ನ ಕಚ್ಚಿ ಹಿಡಿಯೋದರಲ್ಲೇ ಇರ್ತಾರೆ. ಉಸಿರು ಬಿಡೋಕೆ ಮರೆತು, ಅರ್ಧ ನಿಮಿಷಕ್ಕೆ ಮುಖ ಕೆಂಪು.”

ನಾಣಿ ಸುಮ್ಮನಿದ್ದ. ಅವನ ಮಗ ಹಾಗೇ ಹೋಗಿದ್ದ ಅನ್ನುವುದು ಅವನ ಮುಖದಲ್ಲೇ ಇತ್ತು.

“ಆಮೇಲೆ ಇನ್ನೊಂದು,” ಶಾಮಣ್ಣ ಎದ್ದು ನಿಂತರು. “ಹೊಸಬರು ಅಂಕ ಕಳೆದುಕೊಳ್ಳೋದು ಹೊಡೆಯಲಾರದೆ ಅಲ್ಲ, ಹೊಡೆದಾದ ಮೇಲೆ. ಗುದ್ದು ತಾಗಿದ ತಕ್ಷಣ ರೆಫ್ರಿ ಕಡೆ ತಿರುಗಿ ‘ನೋಡಿದ್ರಾ ಸಾರ್’ ಅನ್ನೋ ಮುಖ ಮಾಡ್ತಾರೆ. ಅಲ್ಲಿಗೆ ಹೋಯ್ತು. ಹೊಡೆದ ಮೇಲೂ ಎದುರಾಳಿ ಮೇಲೆ ಕಣ್ಣಿರಬೇಕು, ಅದಕ್ಕೆ ಝಾನ್ಶಿನ್ ಅಂತಾರೆ. ಅಂಕ ಕೊಡೋಕೆ ನೋಡುವ ಆರು ಗುಣಗಳಲ್ಲಿ ಅದೂ ಒಂದು. ಹಿಂದೆ ಹಿಂದೆ ಸರೀತಾ ಗೆರೆ ದಾಟಿದರೆ ಜೋಗಾಯಿ, ಎಚ್ಚರಿಕೆ. 8 ಮೀಟರ್ ಚೌಕ ಹೊರಗೆ ನಿಂತು ನೋಡುವವರಿಗೆ ಮೈದಾನ, ಒಳಗಿರುವವನಿಗೆ ಬಚ್ಚಲುಮನೆ. ಒದ್ದು ಬೆನ್ನು ತಿರುಗಿಸಿದರೆ ಮುಬೋಬಿ, ಅದಕ್ಕೂ ಎಚ್ಚರಿಕೆ. ಮೂಲೆಗಳಲ್ಲಿ ನಾಲ್ಕು ತೀರ್ಪುಗಾರರು, ಅಂಕಕ್ಕೆ ಇಬ್ಬರ ಬಾವುಟವಾದರೂ ಏಳಬೇಕು. ನಿನ್ನ ಬೆನ್ನೇ ಅಡ್ಡ ಬಂದರೆ ಅವರೇನು ನೋಡ್ತಾರೆ?”

“ಏಟು ಬಿದ್ದಾಗ ಜೋರಾಗಿ ನರಳಿದ್ರೆ ಅವನಿಗೆ ಶಿಕ್ಷೆ ಆಗುತ್ತಂತೆ?”

“ಅತಿಯಾದರೆ ನಿನಗೇ ಆಗುತ್ತೆ. ನಟನೆಗೂ ಕಾನೂನಿದೆ ಅಲ್ಲಿ. ಅದಕ್ಕೆ ಮಾತ್ರ ಇನ್ನೂ ಪದಕ ಇಟ್ಟಿಲ್ಲ.”

ಪದ್ಮಕ್ಕ ನಗಲಿಲ್ಲ. “ಶಾಮಣ್ಣ, ನಿಮ್ಮ ಲೆಕ್ಕದಲ್ಲಿ ಬರಿಗೈಯಲ್ಲಿ ಹೋದ ಆ 60 ಮಕ್ಕಳನ್ನ ಒಂದೇ ಮಾತಿನಲ್ಲಿ ಮುಗಿಸಿಬಿಟ್ರಿ. ನನ್ನ ಮಗಳು ಅಂಥ ದೊಡ್ಡ ಡ್ರಾದಲ್ಲೇ ಆಡಿದ್ದಳು. ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದಿದ್ರು. ಹತ್ತಕ್ಕೆ ಒಮ್ಮೆ ಮೈ ಬಿಸಿ ಮಾಡಿಕೊಂಡಳು, ಹನ್ನೆರಡಕ್ಕೆ ಒಮ್ಮೆ. ಎರಡಕ್ಕೆ ಕರೀತೀವಿ ಅಂದ್ರು, ಮತ್ತೆ ಮಾಡಿಕೊಂಡಳು. ಹೆಸರು ಕೂಗಿದ್ದು ನಾಲ್ಕು ಗಂಟೆಗೆ. ಆ ಹೊತ್ತಿಗೆ ಅರ್ಧ ನಿದ್ದೆಯಲ್ಲಿದ್ದಳು. ಒಂದೂವರೆ ನಿಮಿಷದ ಬೌಟು, ಒಂದು ನಿಮಿಷವೂ ಆಗಲಿಲ್ಲ. ಎಂಟು ಸೊನ್ನೆ. ಮರುವಾರ ಕ್ಲಾಸಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಅವತ್ತು ಯಾರಾದರೂ ಒಂದು ತಗಡಿನ ಚೂರು ಕೊರಳಿಗೆ ಹಾಕಿದ್ದರೆ ಇನ್ನೂ ಹೋಗ್ತಿದ್ದಳೋ ಏನೋ.”

ಶಾಮಣ್ಣ ಕೂತರು. ಉತ್ತರ ಹುಡುಕುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ, ತುಸು ಹೊತ್ತು ಹಿಡಿಯಿತು.

“ಅವಳಿಗೆ ಬೇಕಾಗಿದ್ದದ್ದು ತಗಡಲ್ಲ ಪದ್ಮಕ್ಕ, ಎರಡನೇ ಬೌಟು. ಮೊದಲನೇದರಲ್ಲಿ ಯಾರಿಗೂ ಏನೂ ಕಾಣಿಸಲ್ಲ. ಕಿವಿಯಲ್ಲಿ ಎದೆಬಡಿತ ಬಿಟ್ಟು ಬೇರೆ ಕೇಳಿಸಲ್ಲ. ಎರಡನೇದರಲ್ಲಿ ಎದುರಿನವನ ಕೈ ಕಾಣಿಸೋಕೆ ಶುರುವಾಗುತ್ತೆ, ಮೂರನೇದರಲ್ಲಿ ಒಂದಾದರೂ ಗುದ್ದು ತಾಗುತ್ತೆ. ನಾಲ್ಕು ನಾಲ್ಕರ ಗುಂಪು ಮಾಡಲಿ, ಬೇಡ ಅನ್ನಲ್ಲ. ಆದರೆ ಎಲ್ಲರ ಜೊತೆ ಎಲ್ಲರನ್ನೂ ಆಡಿಸಲಿ. ಗುಂಪಿಗೆ ಆರು ಬೌಟ್, ಪ್ರತಿ ಮಗುವಿಗೆ ಮೂರು. ಟೋಕಿಯೊದಲ್ಲೂ ಕುಮಿತೆ ಗುಂಪಿನೊಳಗೆ ಹಾಗೇ ಆಡಿಸಿದ್ದು. ನಮ್ಮ 64 ಮಕ್ಕಳಿಗೆ 96 ಬೌಟಾಯ್ತು. ರೆಫ್ರಿ ‘ಯಮೆ’, ಅಂದ್ರೆ ನಿಲ್ಲಿಸಿ, ಅಂದಾಗಲೆಲ್ಲ ಗಡಿಯಾರ ನಿಲ್ಲುತ್ತೆ, ಬೌಟಿಗೆ ನಾಲ್ಕು ನಿಮಿಷ ಹಿಡಿ. ಮೂರು ಮ್ಯಾಟ್ ಹಾಕಿದ್ರೆ ಎರಡು ಗಂಟೆ ಚಿಲ್ಲರೆ.”

“ಹಾಗಾದ್ರೆ ಯಾಕೆ ಆಡಿಸಲ್ಲ?”

“ಪದಕ ಹಾಕೋದಕ್ಕೆ ಟೈಮ್ ಬೇಡ್ವಾ? 64 ಕೊರಳು. ಒಂದೊಂದಕ್ಕೂ ಫೋಟೊ, ವೇದಿಕೆ ಮೇಲಿನವರೆಲ್ಲ ಒಂದೊಂದು ಕೈ ಹಾಕಬೇಕು.”

“ಅವಳ ಶಿನ್ ಗಾರ್ಡು ಇನ್ನೂ ಅಟ್ಟದ ಮೇಲಿದೆ,” ಅಂದರು ಪದ್ಮಕ್ಕ.

“ನನಗೆ ಕೊಡ್ತೀರಾ?” ಅಂದ ಸೀನ.

“ಹನ್ನೊಂದು ವರ್ಷದವಳದ್ದು ಕಣೋ ಅದು.”

“ನನ್ನ ಕಾಲೂ ಸಣ್ಣದೇ.”

ಅಷ್ಟರಲ್ಲಿ ನಾಣಿಗೆ ಜ್ಞಾನೋದಯವಾಯಿತು. ಪೇಪರಿನ ಅಂಚಿನ ಲೆಕ್ಕವನ್ನೇ ನೋಡುತ್ತ ಕೂತಿದ್ದವನು, “ಶಾಮಣ್ಣ, ನಲವತ್ತರ ಮೇಲಿನದಕ್ಕೆ ನಾವೂ ಹೆಸರು ಕೊಟ್ರೆ? ನೀವು, ನಾನು, ಸೀನ. ಮೂರೇ ಜನ. ಎಲ್ಲರಿಗೂ ಪದಕ!” ಅಂದ.

“ಛೀ,” ಅಂದರು ಶಾಮಣ್ಣ. ಆಮೇಲೆ, “ಬೈ ಯಾರಿಗೆ?” ಅಂದರು.

ಬೈ ನನಗೆ, ತನಗೆ ಅಂತ ಐದು ನಿಮಿಷ ಜಗಳವಾಯಿತು. ವಯಸ್ಸಿನಲ್ಲಿ ಹಿರಿಯ ಅನ್ನುವುದು ಶಾಮಣ್ಣನ ವಾದ, ಐಡಿಯಾ ತನ್ನದು ಅನ್ನುವುದು ನಾಣಿಯದು. ಸೀನ ಸುತ್ತೋಲೆ ತೆಗೆದು ತೂಕದ ಪಟ್ಟಿ ಓದಿದ ಮೇಲೆ ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಸೀನ 58 ಕೆಜಿ, 60ರ ಒಳಗೆ ಬರುತ್ತಾನೆ. ಶಾಮಣ್ಣ 70, ಅವರು 75ರ ಒಳಗೆ. ನಾಣಿ 84ರ ಮೇಲೆ, ಎಷ್ಟು ಮೇಲೆ ಅಂತ ಅವನು ಹೇಳಲಿಲ್ಲ. ಮೂವರದೂ ಬೇರೆ ಬೇರೆ ವಿಭಾಗ, ಮೂರೂ ಚಿನ್ನ, ಏಟೇ ಇಲ್ಲ.

“ಬೆಳಿಗ್ಗೆ ತಿಂಡಿ ಮುಂಚೆ ತೂಕ ನೋಡಿಕೊಳ್ಳಿ,” ಶಾಮಣ್ಣ ಮತ್ತೆ ಉಪದೇಶಕ್ಕೆ ಇಳಿದಿದ್ದರು. “ಮನೆ ತಕ್ಕಡಿಗೂ ಅವರ ತಕ್ಕಡಿಗೂ ವ್ಯತ್ಯಾಸ ಬರುತ್ತೆ, ಒಂದು ಕೆಜಿಯಾದರೂ ಒಳಗಿರಬೇಕು. ಆದರೆ ಉಪವಾಸ ಇದ್ದು ಇಳಿಸೋದು ಬೇಡ. ಮಕ್ಕಳಿಗಂತೂ ಖಂಡಿತ ಬೇಡ. ನೀರು ಬಿಟ್ಟು ತೂಕ ಇಳಿಸಿ ಬಂದವರು ಮ್ಯಾಟ್ ಮೇಲೆ ತಲೆ ತಿರುಗಿ ಬೀಳ್ತಾರೆ.”

“ಒಂದು ಸಾಲು ಇದೆ ಇಲ್ಲಿ,” ಅಂದ ಸೀನ, ಸುತ್ತೋಲೆಯ ಕೊನೆಗೆ ಬಂದು. “ಸಣ್ಣ ಅಕ್ಷರದಲ್ಲಿ. ‘ಸ್ಪರ್ಧಿಗಳು ಕಡಿಮೆ ಇದ್ದಲ್ಲಿ ಪಕ್ಕದ ವಿಭಾಗದೊಂದಿಗೆ ಸೇರಿಸಲಾಗುವುದು.’”

“ಪಕ್ಕದ್ದು ಯಾವುದು?”

“ಹದಿನೆಂಟರ ಮೇಲೆ. ಮುಕ್ತ.”

ಬೈ ಬಗ್ಗೆ ಇದ್ದ ಭಿನ್ನಾಭಿಪ್ರಾಯ ಅಲ್ಲಿಗೆ ತೀರಿತು. “ಎಷ್ಟು ನಿಮಿಷ ಆಡಬೇಕು?” ಅಂದ ನಾಣಿ, ದನಿ ಇಳಿಸಿ.

“ದೊಡ್ಡವರಿಗೆ ಮೂರು ನಿಮಿಷ. ನಿನಗೆ ಅಷ್ಟು ಬೇಕಾಗಲ್ಲ. ತಲೆಗೆ ಮೂರು ಒದೆತ ಬಿದ್ದರೆ ಒಂಬತ್ತು ಅಂಕ, ಮನೆಗೆ ಹೋಗಬಹುದು.”

“ಹೆಂಗಸರದೂ ಸೇರಿಸ್ತಾರಾ?” ಪದ್ಮಕ್ಕ ಸೀನನ ಕೈಯಿಂದ ಸುತ್ತೋಲೆ ತಗೊಂಡು ತಿರುವಿ ನೋಡಿದರು. “ಇಲ್ಲ, ನಮ್ಮದಕ್ಕೆ ಆ ಸಾಲಿಲ್ಲ. ಸೀನ, ನನ್ನ ಹೆಸರು ಬರಿ. ತೂಕದ ಕಾಲಂ ಖಾಲಿ ಬಿಡು, ಅದನ್ನ ನಾನು ಮನೆಗೆ ಹೋಗಿ ತುಂಬ್ತೀನಿ.”