ಧರೆಗೆ ಹಬ್ಬಿರುವ ಈ ಹಳದಿ ಹೂವಿನ ಗಿಡ ಯಾವುದು?

ಮೂಡಿಗೆರೆ ಸೊಸೆ: ಮನೆ ಹಿಂದಿನ ಧರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಒಂದು ಗಿಡ ಪೂರ್ತಿ ಹಬ್ಬಿದೆ. ಹಳದಿ ಹೂವು, ದಪ್ಪಗೆ ಹೊಳೆಯುವ ಎಲೆ. ಜಡಿಮಳೆಗೆ ಕೊಳೆಯಲಿಲ್ಲ, ಈಗ ಬಿಸಿಲಿಗೂ ಬಾಡುತ್ತಿಲ್ಲ. ಅತ್ತೆ ಕಿತ್ತು ಬಿಸಾಕು ಅನ್ನುತ್ತಾರೆ. ನಮ್ಮವರು ಮಣ್ಣು ಹಿಡಿಯುತ್ತದೆ, ಇರಲಿ ಅನ್ನುತ್ತಾರೆ.

ಕೊಪ್ಪದ ತೋಟಿಗ: ಪಿಂಟೋಯ್ ಶೇಂಗಾ ಇರಬೇಕು. ನಮ್ಮ ಅಡಿಕೆ ತೋಟದಲ್ಲಿ ಬೇಕೂಂತಲೇ ಬೆಳೆಸಿದ್ದೇವೆ. ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಕಳೆಯೂ ಕಡಿಮೆ. ಕೀಳಬೇಡಿ ಅಕ್ಕ.

ಅರಸೀಕೆರೆಯವನು: ಪಿಂಟೋಯ್ ಆದರೆ ಒಂದು ತೊಟ್ಟಿಗೆ ನಾಲ್ಕು ಚಿಕ್ಕ ಎಲೆ, ಹೂವು ಅವರೆ ಹೂವಿನ ಆಕಾರ. ನಿಮ್ಮದು ಹೇಗಿದೆ ಅಕ್ಕ?

ಮೂಡಿಗೆರೆ ಸೊಸೆ: ಪುಟ್ಟ ಸೂರ್ಯಕಾಂತಿ ಥರ. ಎಸಳಿನ ತುದಿ ಹಲ್ಲುಹಲ್ಲು. ಎಲೆಗಳು ಎದುರುಬದುರು, ಒಂದೊಂದಕ್ಕೂ ಮೂರು ಮೂಲೆ. ಈಗ ಒಂದು ಕುಡಿ ಎತ್ತಿ ನೋಡಿದೆ, ನೆಲ ಮುಟ್ಟಿದ ಗೆಣ್ಣಿಗೆಲ್ಲ ಬೇರು ಬಿಟ್ಟಿದೆ.

ಅರಸೀಕೆರೆಯವನು: ಹಾಗಾದರೆ ವೆಡೇಲಿಯ, ಅನುಮಾನವೇ ಬೇಡ. ಅಮೆರಿಕ ಖಂಡದ ಬಿಸಿ ಪ್ರದೇಶಗಳ ಗಿಡ. ಅಂದಕ್ಕೆ ಅಂತ ತಂದು ನೆಟ್ಟದ್ದು ಈಗ ಎಲ್ಲೆಲ್ಲೂ ಹಬ್ಬಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ.

ಬೇಲೂರು ಕಡೆಯವಳು: ಇದು ಹಳದಿ ಗರುಗ ಅಲ್ವಾ? ತಲೆಗೆ ಎಣ್ಣೆ ಕಾಯಿಸುತ್ತಾರಲ್ಲ?

ಅರಸೀಕೆರೆಯವನು: ಅದರ ಎಲೆ ಉದ್ದ, ಮೂರು ಮೂಲೆ ಇರುವುದಿಲ್ಲ. ಮಾಮೂಲಿ ಗರುಗದ ಹೂವಂತೂ ಬಿಳಿ. ಹಳದಿ ಕಂಡದ್ದನ್ನೆಲ್ಲ ಬಾಣಲೆಗೆ ಹಾಕಬೇಡಿ ಮಾರಾಯ್ರೇ.

ಕೊಪ್ಪದ ತೋಟಿಗ: ಹೆಸರು ಏನಾದರೂ ಇರಲಿ. ಪಟ್ಟಿ ನೋಡಿಕೊಂಡು ಧರೆ ಬೋಳು ಮಾಡಿದರೆ ಜುಲೈ ಮಳೆಗೆ ಮಣ್ಣೆಲ್ಲ ಅಡುಗೆಮನೆಗೇ ಬರುತ್ತದೆ.

ಸಕಲೇಶಪುರದಿಂದ: ಧರೆಯ ಮಾತು ನಿಜ. ಆದರೆ ಕೆಳಗೆ ಹಳ್ಳ ಇದೆಯಾ? ತುಂಡಾದ ಕಾಂಡ ತೇಲಿ ಹೋಗಿ ಸಿಕ್ಕಿದ ಕಡೆ ಬೇರು ಬಿಡುತ್ತದೆ. ನಮ್ಮ ಹಳ್ಳದ ದಡದಲ್ಲಿ ಈಗ ತಂಬುಳಿಗೆ ಒಂದೆಲಗ ಹುಡುಕಬೇಕು.

ಮೂಡಿಗೆರೆ ಸೊಸೆ: ಇದೆ, ಗದ್ದೆ ಪಕ್ಕದಲ್ಲೇ.

ಸಕಲೇಶಪುರದಿಂದ: ಹಾಗಿದ್ದರೆ ಹಳ್ಳದ ಕಡೆಯ ಅಂಚನ್ನು ಈಗಲೇ ಬೇರು ಸಮೇತ ಕಿತ್ತುಬಿಡಿ. ಉಳಿದದ್ದನ್ನು ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು, ತೆಗೆದ ಜಾಗಕ್ಕೆ ಲಾವಂಚ ನೆಡಿ. ಬರೀ ಸವರಿದರೆ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಹಸಿಯಾಗಿ ಗೊಬ್ಬರ ಗುಂಡಿಗೆ ಹಾಕಬೇಡಿ. ಸಿಮೆಂಟ್ ಕಣದಲ್ಲಿ ಗರಿಗರಿ ಆಗುವ ತನಕ ಒಣಗಿಸಿ.

ಮೂಡಿಗೆರೆ ಸೊಸೆ: ಕಣದಲ್ಲಿ ಕಾಫಿ ಹರವಿದೆಯಲ್ಲ! ತಾರಸಿ ಮೇಲೆ ಆಗುತ್ತಾ?

ಸಕಲೇಶಪುರದಿಂದ: ಧಾರಾಳವಾಗಿ. ಚೂರು ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ.