ಸಿಸೇರಿಯನ್ ಆಗಿ 12 ದಿನ, ಎಣ್ಣೆ ತಿಕ್ಕಿಸ್ಕೋಬಹುದಾ?

ಪುಟ್ಟಿಅಮ್ಮ_ಹಾಸನ:
ಎಲ್ರಿಗೂ ನಮಸ್ತೆ. ನಂಗೆ ಸಿಸೇರಿಯನ್ ಆಗಿ ಇವತ್ತಿಗೆ 12 ದಿನ, ಈಗ ಅರಕಲಗೂಡು ಹತ್ರ ಅಮ್ಮನ ಮನೇಲಿದೀನಿ. ಹೊಲಿಗೆ ನೋವು ತಡ್ಕೋಬಹುದು ಆದ್ರೆ ಬೆನ್ನು, ಹೆಗಲು ಹಿಡ್ಕೊಂಡ್ಬಿಟ್ಟಿದೆ, ಕೂತು ಕೂತು ಹಾಲು ಕುಡಿಸಿ ಕತ್ತು ತಿರುಗಿಸಕ್ಕೇ ಆಗ್ತಿಲ್ಲ. ಅಮ್ಮ ಬಾಣಂತಿಗೆ ನೀರು ಹಾಕೋ ಅಜ್ಜಿಗೆ ನಾಡಿದ್ದು ಬರಕ್ಕೆ ಹೇಳಿದಾರೆ. ಅದೇ ಅಜ್ಜಿ ನಮ್ಮಕ್ಕಂಗೆ (ಅವ್ಳದ್ದು ನಾರ್ಮಲ್) ಹರಳೆಣ್ಣೆ ಹಚ್ಚಿ ಹೊಟ್ಟೇನ ಎರಡೂ ಕೈಲಿ ಒತ್ತಿ ತಿಕ್ಕಿ ಆಮೇಲೆ ಹಂಡೆ ನೀರು ಚೊಂಬಲ್ಲಿ ರಪ್ ರಪ್ ಅಂತ ಹೊಡೀತಿದ್ದಿದ್ದು ನೋಡಿದೀನಿ, ನೆನೆಸ್ಕೊಂಡ್ರೇ ಹೊಲಿಗೆ ಜುಮ್ ಅನ್ನತ್ತೆ. ಡಿಸ್ಚಾರ್ಜ್ ದಿನ ಕೇಳೋಣ ಅಂದ್ರೆ ಡಾಕ್ಟರ್ ಮಾತ್ರೆ ಬರ್ದು ಎದ್ದೇ ಹೋದ್ರು. ಯಾರಾದ್ರೂ ಮಾಡಿಸ್ಕೊಂಡಿದೀರಾ?

ಮೂಡಿಗೆರೆ_ಮಳೆ:
ನಂಗೆ ಎರಡೂ ಸಿಸೇರಿಯನ್ನೇ. ಹೊಟ್ಟೆ ಬಿಟ್ಟು ಉಳಿದಿದ್ದೆಲ್ಲ ಮಾಡಿಸ್ಕೊಂಡೆ, ಅದೂ ಕಾಲಿಂದ ಶುರು. ಎರಡನೇದು ಜುಲೈಲಿ, ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ನಮ್ಮೋರು ಒಗ್ಗರಣೆ ಸೌಟಲ್ಲಿ ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡ್ಕೊಂಡು ಬಂದು ಪಾದ ಹಿಡ್ಕೊಂಡು ಹಿಮ್ಮಡಿಯಿಂದ ಬೆರಳ ತನಕ ಹೆಬ್ಬೆರಳಲ್ಲಿ ನಿಧಾನಕ್ಕೆ ನೀವೋರು, ಒಂದೊಂದು ಪಾದ ಐದೈದು ನಿಮಿಷ, ಆಮೇಲೆ ಅಂಗೈ. ನೋವು ಹೊಟ್ಟೇಲಿ, ತಿಕ್ಕೋದು ಕಾಲಲ್ಲಾ ಅಂತ ನಂಗೂ ನಗು ಬಂದಿತ್ತು (ನಕ್ರೆ ಹೊಲಿಗೆ ಹಿಡಿಯೋದು ಬೇರೆ), ಆದ್ರೆ ಮೈ ಸಡಿಲ ಆಗಿ ಕಣ್ಣು ಹತ್ತಿಬಿಡೋದು. ಬೆನ್ನಿಗೆ ಬೋರಲು ಮಲಗ್ಬೇಡಿ, ಕುರ್ಚೀಲಿ ತಿರುವು ಮುರುವು ಕೂತು ದಿಂಬು ತಬ್ಕೊಳ್ಳಿ, ಹೆಗಲಿಂದ ಸೊಂಟದ ತನಕ ತಿಕ್ಕೋರು ಕೈ ಎಳೀಲಿ.

ಚಿಕ್ಕಮಗಳೂರು_ಸಿಸ್ಟರ್:
ನಾನು ಸ್ಟಾಫ್ ನರ್ಸ್, ವಾರ್ಡಲ್ಲಿ ದಿನಾ ಕೇಳೋ ಪ್ರಶ್ನೆ ಇದು. ಮೇಲಿನ ಚರ್ಮ ಬೇಗ ಕೂಡ್ಕೊಳ್ಳತ್ತೆ, ಅದನ್ನ ನೋಡಿ ಮನೆಯೋರು ವಾಸಿ ಆಯ್ತು ಅಂದ್ಕೋತಾರೆ, ಒಳಗೆ ಗರ್ಭಕೋಶಕ್ಕೂ ಮಧ್ಯದ ಪದರಕ್ಕೂ ಹಾಕಿರೋ ಹೊಲಿಗೆ ಇನ್ನೂ ಹಸಿ ಇರತ್ತೆ. ಕಮ್ಮಿ ಅಂದ್ರೂ 6 ವಾರ, ಡಾಕ್ಟರ್ ನೋಡಿ ಹೂಂ ಅನ್ನೋ ತನಕ ಹೊಟ್ಟೆ ತಿಕ್ಕೋದು ಬೇಡ, ಬಿಸಿನೀರು ಎರಚೋದಂತೂ ಬೇಡ್ವೇ ಬೇಡ. ಸ್ನಾನ ಮಾಡಿ, ಗಾಯಾನ ಉಜ್ಜದೆ ಬಟ್ಟೆ ಮೆತ್ತಗೆ ಒತ್ತಿ ಒಣಗಿಸಿ, ಅದ್ರ ಮೇಲೆ ಎಣ್ಣೆ ಅರಿಶಿನ ಏನೂ ಬೇಡ. 6 ವಾರ ಆದ್ಮೇಲೆ ಡಾಕ್ಟರ್ ಒಪ್ಪಿದ್ರೆ ಬೆರಳ ತುದೀಲಿ ಗಾಯದ ಗುರುತಿನ ಮೇಲೆ ಸಣ್ಣಗೆ ಸುತ್ತಿಸಿ, ಬಿಗಿ ಬಿಡತ್ತೆ. ಅಲ್ಲಿ ಮರಗಟ್ಟಿದ ಹಾಗೆ ಇರೋದು ತಿಂಗಳುಗಟ್ಟಲೆ ಇರಬಹುದು, ಹೆದರಬೇಡಿ.

ಕಾಲು ಒತ್ತಿಸ್ಕೊಳ್ಳೋ ಮುಂಚೆ ಇದೊಂದು ನೋಡ್ಕೊಳ್ಳಿ: ಒಂದೇ ಕಾಲು ಊದಿ, ಕೆಂಪಗೆ ಬಿಸಿಯಾಗಿ ಮೀನಖಂಡ ನೋಯ್ತಿದ್ರೆ ಕೈಯೇ ಹಾಕಿಸ್ಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ, ಹೊಲಿಗೇಲಿ ಕೀವು ಅಥವಾ ವಾಸನೆ ಬಂದ್ರೂ ಅಷ್ಟೇ. ಬರ್ದಿರೋ ನೋವಿನ ಮಾತ್ರೆ ಹಾಲು ಕುಡಿಸ್ತೀನಿ ಅಂತ ನಿಲ್ಲಿಸ್ಬೇಡಿ, ಪ್ಯಾರಾಸಿಟಮಾಲ್ ಹಾಲು ಕುಡಿಸೋರು ತಗೋಬಹುದು.

ಹಳೇಬೇರು:
ನಮ್ ಕಾಲದಾಗೆ ತಿಕ್ಕಿ ನೀರು ಹಾಕ್ದಿದ್ರೆ ಹೊಟ್ಟೆ ಜೋತು ಬೀಳ್ತದೆ ಅನ್ನೋರು, ಈಗಿನೋರು ಎಲ್ಲಾದ್ಕೂ ಹೆದರ್ತೀರ.

ಚಿಕ್ಕಮಗಳೂರು_ಸಿಸ್ಟರ್:
ಅಮ್ಮ, ನಿಮ್ ಕಾಲದ ಹೊಟ್ಟೆ ಕುಯ್ದ ಹೊಟ್ಟೆ ಅಲ್ವಲ್ಲ. ಗರ್ಭಕೋಶ ತಿಕ್ಕಿದ್ರೂ ತಿಕ್ಕದಿದ್ರೂ ಸುಮಾರು 6 ವಾರದಲ್ಲಿ ತಾನೇ ಕುಗ್ಗತ್ತೆ, ಮಗು ಹಾಲು ಎಳೆಯೋವಾಗ ಕೆಳಹೊಟ್ಟೆ ಹಿಂಡೋದು ಅದಕ್ಕೇ.

ಪುಟ್ಟಿಅಮ್ಮ_ಹಾಸನ:
ಅಪ್ಡೇಟ್. ಅಜ್ಜಿ ಬಂದಿದ್ರು. ನಾನು ನಿಮ್ಮ ಮಾತೆಲ್ಲ ಬಾಯಿಪಾಠ ಮಾಡ್ಕೊಂಡು ಕೂತಿದ್ರೆ ಅವ್ರು ಸೆರಗು ಸಿಕ್ಕಿಸ್ಕೊಳ್ತಾ ಮೊದ್ಲು ಕೇಳಿದ್ದೇ "ಕುಯ್ದವ್ರೋ, ತಾನಾಗೇ ಆಯ್ತೋ?" ಅಂತ. ಕುಯ್ದಿದಾರೆ ಅಂದಿದ್ದಕ್ಕೆ "ಹಂಗಾರೆ ಹೊಟ್ಟೆ ನಾನ್ ಮುಟ್ಟಕಿಲ್ಲ ಕಣವ್ವ" ಅಂದು ಸೀದಾ ಕಾಲ ಹತ್ರ ಕೂತ್ರು. ಅಮ್ಮನ ಮುಖ ನೋಡ್ಬೇಕಿತ್ತು. ಕಾಲು, ಬೆನ್ನು, ಕತ್ತು ಅರ್ಧ ಗಂಟೆ ತಿಕ್ಕಿದ್ರು, ಈಗ ಎಡಕ್ಕಾದ್ರೂ ಕತ್ತು ತಿರುಗ್ತಿದೆ, ಬಲಗಡೆ ನಾಳೆ ನೋಡ್ಬೇಕು, ಮಗು ಎದ್ತು ಬರ್ತೀನಿ.